ಅಗ್ಗದ ಪೇಟಿ, ದುಬಾರಿ ಪೇಟಿ: ಸಂಘದ ಹಣಕ್ಕೆ ಯಾವುದು ಸರಿ?



ಮುಂಡರಗಿ ಕಡೆಯ ಒಂದು ಸಂಘದವರು ತಮ್ಮ ಭಜನಾ ಮೇಳಕ್ಕೆಂದು ಸಂಘದಿಂದಲೇ 7,000 ರೂಪಾಯಿ ಸಾಲ ತೆಗೆದು ಹಾರ್ಮೋನಿಯಂ ಪೇಟಿ ತಂದಿದ್ದರು. ಜಾತ್ರೆ, ಮದುವೆಗಳಲ್ಲಿ ಹಾಡಿದ್ದಕ್ಕೆ ಬರುವ ಕಾಣಿಕೆಯಿಂದ ತಿಂಗಳಿಗೆ 350ರಂತೆ ತೀರಿಸಬೇಕೆಂದು ಠರಾವಾಗಿತ್ತು. ಮರುವರ್ಷದ ಮಳೆಗಾಲಕ್ಕೆ ಮೂರು ಸ್ವರ ಮೂಕವಾದವು, ತಿದಿಯಲ್ಲಿ ಗಾಳಿ ನಿಲ್ಲದಾಯಿತು. "ಪೇಟಿ ಅಟ್ಟದ ಮ್ಯಾಲ ಐತ್ರಿ ಸಿಸ್ಟರ್, ಸಾಲ ಪುಸ್ತಕದಾಗ ಐತ್ರಿ" ಅಂದರು. ಇನ್ನೂ 8 ಕಂತು ಬಾಕಿ. ಠರಾವು ಬರೆಯುವಾಗ ನಾನೂ ಅಲ್ಲೇ ಕುಳಿತಿದ್ದೆ. ಬೆಲೆ ಕೇಳಿದೆನೇ ಹೊರತು ಪೇಟಿಯ ಬಗ್ಗೆ ಏನೂ ಕೇಳಲಿಲ್ಲ.

ಬೇರೆ ಪೇಟಿ ನೋಡಲು ಹೋದಾಗ ಅಂಗಡಿಯಲ್ಲಿ 34,000ದ್ದನ್ನು ಮುಂದಿಟ್ಟರು. "ಹಂಗಾರ ದುಬಾರಿದ್ದ ತಗೋಬೇಕೇನ್ರಿ?"

ಮೊದಲು ಪೇಟಿ ಕೆಲಸ ಮಾಡುವ ರೀತಿ ತಿಳಿಯೋಣ. ತಿದಿ ಒತ್ತಿದಾಗ ಒಳಗೆ ಗಾಳಿ ತುಂಬುತ್ತದೆ. ಪಟ್ಟಿ ಒತ್ತಿದರೆ ಆ ಗಾಳಿ ಹಿತ್ತಾಳೆಯ ತೆಳು ನಾಲಿಗೆಯನ್ನು ಅಲುಗಿಸುತ್ತದೆ. ಅದಕ್ಕೆ ರೀಡು ಅನ್ನುತ್ತಾರೆ, ದನಿ ಹುಟ್ಟುವುದು ಅಲ್ಲೇ. ಅಗ್ಗದ್ದರಲ್ಲಿ ಉಳಿತಾಯ ಮಾಡುವುದು ಹೆಚ್ಚಾಗಿ ರೀಡು, ತಿದಿ ಮತ್ತು ಕಟ್ಟಿಗೆಯಲ್ಲಿ. ಸರಿಯಾಗಿ ಒಣಗದ ಕಟ್ಟಿಗೆ ಮಳೆಗಾಲದಲ್ಲಿ ಉಬ್ಬಿ ಪಟ್ಟಿ ಸಿಕ್ಕಿಕೊಳ್ಳುತ್ತದೆ. ಹೊರಗಿನ ಪಾಲಿಶ್ ಮಾತ್ರ ಎರಡರದ್ದೂ ಫಳಫಳ!

ದುಬಾರಿ ಪೇಟಿಯಲ್ಲಿ ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ? ಒಳ್ಳೆಯ ರೀಡಿಗೆ ಹೌದು. ಜೊತೆಗೆ ಸ್ಕೇಲ್ ಚೇಂಜರ್‌ಗೂ ಹೋಗುತ್ತದೆ. ಪಟ್ಟಿಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸುವ ಏರ್ಪಾಡು ಅದು. ದಿನಕ್ಕೊಬ್ಬ ಗಾಯಕರಿಗೆ ಸಾಥ್ ಕೊಡುವವರಿಗೆ ಅದು ಬೇಕು. ಕರಿ ನಾಲ್ಕೋ ಕರಿ ಐದೋ ಒಂದೇ ಶ್ರುತಿಯಲ್ಲಿ ಹಾಡುವ ನಮ್ಮ ಮೇಳಕ್ಕೆ ಬೇಕಿಲ್ಲ. ಕೆಟ್ಟರೆ ರಿಪೇರಿಯೂ ಕಷ್ಟ. ಸ್ಕೇಲ್ ಚೇಂಜರ್ ಇಲ್ಲದ, ಡಬಲ್ ರೀಡಿನ, ಗಟ್ಟಿ ತಿದಿಯ ನಡುವಿನ ಬೆಲೆಯ ಪೇಟಿ ಸಾಕೆಂಬುದು ನನ್ನ ಅಭಿಪ್ರಾಯ.

ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆಲ್ಲ ಗೊತ್ತು. ಪಂಚಾಕ್ಷರ ಗವಾಯಿಗಳಿಗೂ, 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಪೇಟಿಯನ್ನು ಅವರು ಬಲ್ಲದ್ದು ಕೈಯಿಂದ, ಕಿವಿಯಿಂದ. ನೀವೂ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೇಳಿರಿ. ಯಾವ ಪಟ್ಟಿಯನ್ನೂ ಒತ್ತದೆ ತಿದಿ ಹಾಕಿದರೆ ದನಿ ಬರಬಾರದು. ಒಮ್ಮೆ ಪೂರ್ತಿ ಗಾಳಿ ತುಂಬಿ, ಒಂದೇ ಪಟ್ಟಿ ಹಿಡಿದು ಎಣಿಸಿರಿ. ಯಾವ ಪೇಟಿಯಲ್ಲಿ ದನಿ ಹೆಚ್ಚು ಹೊತ್ತು ನಿಲ್ಲುತ್ತದೋ ಅದರ ತಿದಿ ಗಟ್ಟಿ. ಕೆಳಗಿನ ಸಾ, ಮೇಲಿನ ಸಾ ಒಟ್ಟಿಗೆ ಒತ್ತಿದಾಗ ದನಿ ಅಲೆಅಲೆಯಾಗಿ ನಡುಗಿದರೆ ಶ್ರುತಿ ಕೂಡಿಲ್ಲ ಅಂತ ಅರ್ಥ. ಒಂದೊಂದೇ ಪಟ್ಟಿ ಮೆಲ್ಲಗೆ ಒತ್ತಿ ನೋಡಿರಿ, ಅಂಗಡಿಯವರು ಅವಸರ ಮಾಡಿದರೂ ಬಿಡಬೇಡಿ. ಪೇಟಿ ಬಲ್ಲ ಮಾಸ್ತರರೊಬ್ಬರನ್ನು ಕರೆದೊಯ್ಯಿರಿ, ಬಸ್ ಚಾರ್ಜು ಸಂಘವೇ ಕೊಡಲಿ. ಮನೆಗೆ ತಂದ ಮೇಲೆ ಇಲಿ ಕಾಟದಿಂದ ಕಾಯಿರಿ, ತಿದಿಯ ಚರ್ಮ ಅದಕ್ಕೆ ಬಲು ಇಷ್ಟ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ:
ಸಾಮೂಹಿಕ ವಸ್ತು ಕೆಟ್ಟಾಗ ರಿಪೇರಿಗೆಂದು ನಿಮ್ಮ ಸಂಘ ಹಣ ತೆಗೆದಿಟ್ಟಿದೆಯೇ?
ಕೊಳ್ಳುವ ಮುಂಚೆ ಪರೀಕ್ಷೆ ಮಾಡುವವರು ಯಾರೆಂದು ಠರಾವಿನಲ್ಲಿ ಬರೆದಿದ್ದೀರಾ?