ಮಂದವಾಗಿ ನಡೆಯುವ ಕಾರು: ಕಾರಣವೂ ಪರಿಹಾರವೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಮ್ಮ ಕಾರನ್ನು ತಾವೇ ನಡೆಸುತ್ತಾರೆ. ಅಥಣಿಯಿಂದ ಚಿಕ್ಕೋಡಿಗೆ ನೌಕರಿಗೆಂದು ಹೋಗುವವರುಂಟು. ರಾಯಬಾಗದಿಂದ ನಿಪ್ಪಾಣಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರುಂಟು. ಇವರಿಂದ ನಾವು ಮೇಲಿಂದ ಮೇಲೆ ಕೇಳುವ ಒಂದು ದೂರೆಂದರೆ, "ಗಾಡಿ ಮೊದಲಿನಂತೆ ಓಡುವುದಿಲ್ಲ, ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತಾಗುತ್ತದೆ" ಎಂಬುದು. ಕೆಲವರು ಅದನ್ನು ಹಾಗೆಯೇ ಸಹಿಸಿಕೊಂಡು ನಡೆಸುತ್ತಾರೆ. ಕೆಲವರು ಗ್ಯಾರೇಜಿಗೆ ಒಯ್ದು, ಏನಾಗಿದೆಯೆಂದು ಹೇಳಲು ತಿಳಿಯದೆ, ಒಂದರ ಬದಲು ನಾಲ್ಕು ಭಾಗಗಳನ್ನು ಬದಲಿಸಿಕೊಂಡು ಬರುತ್ತಾರೆ. ಮೊದಲನೆಯದರಲ್ಲಿ ಪ್ರಾಣಕ್ಕೆ ಅಪಾಯ, ಎರಡನೆಯದರಲ್ಲಿ ಹಣಕ್ಕೆ ನಷ್ಟ. ಆದಕಾರಣ ಈ ವಿಷಯವನ್ನು ಪಾಠದ ಕ್ರಮದಲ್ಲಿ ಇಲ್ಲಿ ವಿವರಿಸುತ್ತೇವೆ.

ಮೂರು ಬಗೆಯ ಕಾರಣಗಳು

ನಮ್ಮ ಭಾಗದವರಿಗೆ ಚಕ್ಕಡಿಯ ದೃಷ್ಟಾಂತವೇ ಸಾಕು. ಚಕ್ಕಡಿ ಮುಂದೆ ಸಾಗದಿದ್ದರೆ ಎತ್ತುಗಳು ಸೊರಗಿರಬೇಕು. ಇಲ್ಲವೆ ನೊಗದ ಕಟ್ಟು ಸಡಿಲಾಗಿ ಅವುಗಳ ಬಲ ಗಾಡಿಗೆ ತಲುಪದಿರಬೇಕು. ಇಲ್ಲವೆ ಅಚ್ಚಿಗೆ ಎಣ್ಣೆಯಿಲ್ಲದೆ ಗಾಲಿ ಬಿಗಿದಿರಬೇಕು. ಕಾರಿನಲ್ಲಿ ಎತ್ತುಗಳ ಸ್ಥಾನದಲ್ಲಿರುವುದು ಎಂಜಿನ್ನು. ನೊಗದ ಕಟ್ಟಿನ ಸ್ಥಾನದಲ್ಲಿ ಕ್ಲಚ್ಚು. ಗಾಲಿಯನ್ನು ಹಿಡಿಯುವವು ಬ್ರೇಕು, ಬೇರಿಂಗು, ಟಾಯರುಗಳು. ಗಾಲಿ ಬಿಗಿದಿರುವಾಗ ಎತ್ತಿಗೆ ಹಿಂಡಿ ತಿನ್ನಿಸಿ ಫಲವೇನು? ಆದುದರಿಂದ ರೋಗವು ಈ ಮೂರರಲ್ಲಿ ಎಲ್ಲಿದೆಯೆಂಬುದನ್ನು ಮೊದಲು ನಿರ್ಣಯಿಸತಕ್ಕದ್ದು.

ಮೊದಲನೆಯ ಪರೀಕ್ಷೆ

ಚಲಿಸುವ ವಸ್ತುವು ಹೊರಗಿನ ಬಲ ತಡೆಯುವವರೆಗೆ ಚಲಿಸುತ್ತಲೇ ಇರುವುದೆಂದು ನ್ಯೂಟನ್ನನು ೧೬೮೭ರಲ್ಲಿ ಪ್ರಕಟಿಸಿದ ನಿಯಮವನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಾಯಿಪಾಠ ಮಾಡಿದ್ದಾರೆ. ಇಲ್ಲಿ ಅದರ ಪ್ರಯೋಗವಿದೆ. ಜನಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ, ಗಂಟೆಗೆ ೨೦ ಕಿಲೋಮೀಟರ್ ವೇಗದಲ್ಲಿ, ಎಂಜಿನ್ನನ್ನು ನಿಲ್ಲಿಸದೆಯೇ ಗೇರನ್ನು ನ್ಯೂಟ್ರಲ್ಲಿಗೆ ತರಬೇಕು. ಗಾಡಿ ಸಾವಕಾಶವಾಗಿ ಬಹುದೂರ ಉರುಳಿದರೆ ಗಾಲಿಗಳು ನಿರ್ದೋಷ. ಬೇಗನೆ ನಿಂತುಬಿಟ್ಟರೆ ಏನೋ ಅದನ್ನು ಹಿಡಿದಿದೆ. ಈ ಪರೀಕ್ಷೆಗೆ ಒಂದು ಕಾಸೂ ಖರ್ಚಿಲ್ಲ.

ಗಾಲಿಗಳ ತಪಾಸಣೆ

ಟಾಯರಿನ ಗಾಳಿಯನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಚಾಲಕರ ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಗಾಡಿಯ ಕೈಪಿಡಿಯಲ್ಲಿ ಅದರ ಪ್ರಮಾಣವನ್ನು ಮುದ್ರಿಸಿರುತ್ತಾರೆ. ಸಣ್ಣ ಕಾರುಗಳಿಗೆ ಅದು ಸಾಮಾನ್ಯವಾಗಿ ೩೦ರಿಂದ ೩೫ ಪೌಂಡು. ಟಾಯರು ತಣ್ಣಗಿರುವಾಗಲೇ ಅಳೆಯತಕ್ಕದ್ದು. ಗಾಳಿ ಕಡಿಮೆಯಾದ ಟಾಯರು ನೆಲಕ್ಕೆ ಹೆಚ್ಚು ಅಂಟಿ, ತಾನೂ ಕಾಯ್ದು, ಇಂಧನವನ್ನೂ ನುಂಗುತ್ತದೆ.

ಗಾಳಿ ಸರಿಯಿದ್ದರೆ ಸಂಶಯವು ಬ್ರೇಕಿನ ಮೇಲೆ. ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಐದಾರು ಕಿಲೋಮೀಟರ್ ನಡೆಸಿ, ಗಾಡಿಯನ್ನು ನಿಲ್ಲಿಸಿ, ಪ್ರತಿಯೊಂದು ಗಾಲಿಯ ಸಮೀಪ ಕೈಯ ಹಿಂಭಾಗವನ್ನು ಹಿಡಿದು ನೋಡಬೇಕು, ಮುಟ್ಟಬಾರದು. ನಾಲ್ಕರಲ್ಲಿ ಒಂದು ಮಾತ್ರ ಬಹಳ ಕಾಯ್ದಿದ್ದರೆ, ಅಥವಾ ಸುಟ್ಟ ವಾಸನೆ ಬಂದರೆ, ಅಲ್ಲಿ ಬ್ರೇಕು ಬಿಡದೆ ಹಿಡಿದಿದೆ ಇಲ್ಲವೆ ಬೇರಿಂಗು ಕೆಟ್ಟಿದೆ. ಬೇರಿಂಗು ಕೆಟ್ಟಿದ್ದರೆ ಗಾಲಿಯಿಂದ ಗುಂಯ್‌ಗುಡುವ ಸದ್ದು ಕೇಳುವುದುಂಟು.

ನಮ್ಮ ಸೀಮೆಯಲ್ಲಿ ಬ್ರೇಕು ಹಿಡಿಯಲು ನೀರೂ ಕೆಸರೂ ದೊಡ್ಡ ಕಾರಣಗಳು. ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ದಂಡೆ ಮೀರಿ ಹರಿದುದನ್ನು ಯಾರೂ ಮರೆತಿಲ್ಲ. ನೀರಿನಲ್ಲಿ ನಿಂತ ಗಾಡಿಯ ಬ್ರೇಕಿನ ಪಿಸ್ಟನ್ನಿಗೂ ಅದು ಜಾರುವ ಸರಳುಗಳಿಗೂ ತುಕ್ಕು ಹಿಡಿದು, ಪೆಡಲು ಬಿಟ್ಟರೂ ಅವು ಹಿಂದೆ ಸರಿಯುವುದಿಲ್ಲ. ಇವುಗಳನ್ನು ಬಿಚ್ಚಿ, ತೊಳೆದು, ಅದಕ್ಕೆಂದೇ ಇರುವ ಗ್ರೀಸನ್ನು ಹಚ್ಚಿಸಬೇಕು. ಕೆಟ್ಟ ರಬ್ಬರುಗಳನ್ನು ಬದಲಿಸಬೇಕು. ಮಳೆಗಾಲದಲ್ಲಿ ಗಾಡಿಯನ್ನು ಹಲವು ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕನ್ನು ಎಳೆದಿಡದೆ, ಸಮತಟ್ಟಾದ ನೆಲದಲ್ಲಿ ಗೇರಿನಲ್ಲಿಟ್ಟು, ಗಾಲಿಗೆ ಕಲ್ಲು ಕೊಡುವುದು ಲೇಸು.

ಅಪಾಯದ ಮಾತು

ಹಿಡಿದ ಬ್ರೇಕಿನ ಕಾವು ಬ್ರೇಕಿನ ದ್ರವಕ್ಕೆ ತಲುಪುತ್ತದೆ. ಡಾಟ್ ೪ ಎಂಬ ದ್ರವವು ಹೊಸದಿದ್ದಾಗ ೨೩೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯದು. ಆದರೆ ಅದು ಗಾಳಿಯೊಳಗಿನ ನೀರನ್ನು ಹೀರುವ ಸ್ವಭಾವದ್ದು, ಹೀರಿದ ಮೇಲೆ ಆ ಮಿತಿ ೧೫೫ರ ವರೆಗೂ ಇಳಿಯಬಹುದು. ದ್ರವ ಕುದಿದರೆ ಆವಿಯ ಗುಳ್ಳೆಗಳೆದ್ದು, ಪೆಡಲನ್ನು ಒತ್ತಿದಾಗ ಆ ಗುಳ್ಳೆಗಳು ಮಾತ್ರ ಕುಗ್ಗಿ, ಬ್ರೇಕು ಹತ್ತುವುದೇ ಇಲ್ಲ. ನಿಪ್ಪಾಣಿಯಿಂದ ಸಂಕೇಶ್ವರದತ್ತ ಹೋಗುವ ಹೆದ್ದಾರಿಯಲ್ಲಿ ತವಂದಿ ಘಾಟನ್ನು ಇಳಿಯುವಾಗ ಹೀಗಾದರೆ ಗತಿಯೇನು? ಆದ್ದರಿಂದ ಗಾಲಿ ಕಾಯ್ದಿರುವುದು ಕಂಡಮೇಲೆ ಘಾಟಿಗೆ ಹೋಗಕೂಡದು. ಬ್ರೇಕಿನ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಗಾಡಿ ಸರಿಯಿದ್ದಾಗಲೂ ಘಾಟನ್ನು ಕೆಳಗಿನ ಗೇರಿನಲ್ಲಿಯೇ ಇಳಿಯತಕ್ಕದ್ದು.

ಕ್ಲಚ್ಚು ಮತ್ತು ಎಂಜಿನ್ನು

ಗಾಡಿ ಸರಾಗವಾಗಿ ಉರುಳಿದರೂ ಏರಿನಲ್ಲಿ ಸೋಲುತ್ತಿದ್ದರೆ ಕಿವಿಗೊಟ್ಟು ಕೇಳಬೇಕು. ಎಂಜಿನ್ನಿನ ಸದ್ದು ಏರುತ್ತಿದ್ದು ವೇಗ ಮಾತ್ರ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಂಡು ನಡೆಸುವವರ ಕ್ಲಚ್ಚು ಬೇಗ ಸವೆಯುತ್ತದೆ. ಮೊದಲು ಅದರ ಹೊಂದಿಕೆಯನ್ನು ನೋಡಿಸಿ, ಸವೆದಿದ್ದರೆ ಪ್ಲೇಟನ್ನು ಬದಲಿಸಬೇಕು.

ಸದ್ದೂ ಏರದಿದ್ದರೆ ಎಂಜಿನ್ನಿಗೆ ಗಾಳಿಯೋ ಇಂಧನವೋ ಸಾಲದು. ಕಬ್ಬಿನ ಹಂಗಾಮಿನಲ್ಲಿ ಕಾಗವಾಡ, ಉಗಾರದ ಕಡೆ ಟ್ರ್ಯಾಕ್ಟರುಗಳ ಹಿಂದೆ ದಿನವೂ ಧೂಳು ತಿನ್ನುವ ಗಾಡಿಯ ಏರ್ ಫಿಲ್ಟರು ನಿಗದಿತ ಅವಧಿಗೆ ಮುಂಚೆಯೇ ಕಟ್ಟಿಕೊಳ್ಳುತ್ತದೆ. ಅದನ್ನು ತೆಗೆದು ನೋಡುವುದು ಐದು ನಿಮಿಷದ ಕೆಲಸ. ಆಮೇಲೆ ಇಂಧನದ ಫಿಲ್ಟರು, ಸ್ಪಾರ್ಕ್ ಪ್ಲಗ್ಗುಗಳು. ೨೦೨೦ರ ಏಪ್ರಿಲಿನಿಂದ ಕಡ್ಡಾಯವಾದ ಭಾರತ್ ಸ್ಟೇಜ್ ೬ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರೊಂದಿದೆ. ಪೇಟೆಯೊಳಗೆ ಮಾತ್ರ ಅಡ್ಡಾಡುವ ಗಾಡಿಯಲ್ಲಿ ಅದು ತುಂಬಿಕೊಂಡು ಬಲ ಕುಂದುತ್ತದೆ. ದೀಪದ ಸೂಚನೆ ಬಂದಾಗ ಕೈಪಿಡಿಯಂತೆ ಹೆದ್ದಾರಿಯಲ್ಲಿ ಕೆಲಹೊತ್ತು ಒಂದೇ ವೇಗದಲ್ಲಿ ನಡೆಸಿದರೆ ಬಹುಮಟ್ಟಿಗೆ ಸರಿಹೋಗುವುದು. ಎಂಜಿನ್ನಿನ ಎಚ್ಚರಿಕೆಯ ದೀಪ ಉರಿದರೆ ಮಾತ್ರ ಊಹೆ ಬೇಡ, ಸ್ಕ್ಯಾನರಿನಿಂದ ಓದಿಸಬೇಕು.

ಪಾಲಕರಿಗೆ ವಿಜ್ಞಾಪನೆ

ಮಗಳಿಗೆ ಗಾಡಿ ನಡೆಸುವುದನ್ನು ಕಲಿಸುವಾಗ ಇದನ್ನೂ ಕಲಿಸಿರೆಂದು ಕೇಳಿಕೊಳ್ಳುತ್ತೇವೆ. ಯಾವ ದಿನ, ಯಾವ ರಸ್ತೆಯಲ್ಲಿ, ಯಾವ ಗೇರಿನಲ್ಲಿ ಜಗ್ಗಿತು, ಯಾವ ಗಾಲಿ ಕಾಯ್ದಿತ್ತು ಎಂಬುದನ್ನು ಅವಳು ಒಂದು ವಹಿಯಲ್ಲಿ ಬರೆದಿಡಲಿ. "ಎಡಗಡೆಯ ಮುಂದಿನ ಗಾಲಿ ಕಾಯುತ್ತದೆ, ಅದನ್ನು ಬಿಚ್ಚಿ ತೋರಿಸಿರಿ" ಎಂದು ಹೇಳಬಲ್ಲವಳಿಗೆ ಬೇಡದ ಭಾಗವನ್ನು ಮಾರುವುದು ಸುಲಭವಲ್ಲ. ಅವಳು ಹೇಳಿದಲ್ಲಿಯೇ ಕೈಹಾಕುವುದರಿಂದ ಪ್ರಾಮಾಣಿಕನಾದ ಮೇಸ್ತ್ರಿಯ ಶ್ರಮವೂ ಉಳಿಯುತ್ತದೆ.