ತೋಟಗಾರನು ಬೇಡಿಕೊಂಡ ವರುಷ

(ಓದತಕ್ಕ ಭಾಗ: ಲೂಕ 13: 1–9)

ವರುಷದ ಕಡೆಯ ದಿವಸಗಳಲ್ಲಿ ಹಿಂದಿರುಗಿ ನೋಡುವದು ನಮ್ಮೆಲ್ಲರ ವಾಡಿಕೆ. ಆದರೆ ನಾವು ನೋಡುವದು ಏನನ್ನು? ಯಾರ ಮನೆಯಲ್ಲಿ ಸಾವಾಯಿತು, ಯಾರ ಎತ್ತು ಬಿತ್ತು, ಯಾರ ಪೈರು ಮಳೆಗೆ ಕೊಳೆಯಿತು ಎಂದು ಎಣಿಸಿ, ಇಂಥವನಿಗೆ ಹೀಗಾದದ್ದು ಸುಮ್ಮನೆ ಅಲ್ಲವೆಂದು ಬಾಯಿಂದಲ್ಲದಿದ್ದರೂ ಕಣ್ಣಿನಿಂದ ಹೇಳಿಕೊಳ್ಳುತ್ತೇವೆ. ಕರ್ತನ ಬಳಿಗೆ ಬಂದವರೂ ಇಂಥ ಸುದ್ದಿಯನ್ನೇ ತಂದರು. ಪಿಲಾತನು ಗಲಿಲಾಯದ ಕೆಲವರನ್ನು ಅವರು ಯಜ್ಞ ಮಾಡುತ್ತಿರುವಾಗಲೇ ಕೊಲ್ಲಿಸಿದ್ದನು. ಸಿಲೊವಾಮಿನ ಬುರುಜು ಕುಸಿದು 18 ಜನರು ಸತ್ತದ್ದನ್ನು ಕರ್ತನು ತಾನೇ ಅದಕ್ಕೆ ಸೇರಿಸಿ, ಸತ್ತವರು ಹೆಚ್ಚು ಪಾಪಿಗಳೋ ಎಂಬ ಅವರ ಮನಸ್ಸಿನ ಪ್ರಶ್ನೆಯನ್ನು ಅವರ ಮೇಲೆಯೇ ತಿರುಗಿಸಿ, ಆಮೇಲೆ ಅಂಜೂರದ ಗಿಡದ ಸಾಮ್ಯವನ್ನು ಹೇಳಿದನು. ಆದಕಾರಣ ಈ ಸಾಮ್ಯವು ಬದುಕಿ ಉಳಿದವರಿಗೆ ಹೇಳಿದ್ದು.

ಗಿಡವಿದ್ದ ಸ್ಥಳವನ್ನು ಗಮನಿಸಿರಿ. ಅದು ದಾರಿಯ ಬದಿಯಲ್ಲಲ್ಲ, ದ್ರಾಕ್ಷೇ ತೋಟದ ಹದವಾದ ನೆಲದಲ್ಲಿತ್ತು. ಯೆಹೂದ್ಯರ ದೇಶದಲ್ಲಿ ಅಂಜೂರವು ವರುಷಕ್ಕೆ ಎರಡು ಸಾರಿ ಫಲಿಸುವದುಂಟು. ಜೂನ್ ತಿಂಗಳಿನ ಸುಮಾರಿಗೆ ಮೊದಲ ಹಣ್ಣು, ಬೇಸಿಗೆಯ ಕಡೆಯಲ್ಲಿ ಮುಖ್ಯ ಫಲ. ಹೀಗಿರಲಾಗಿ ಮೂರು ವರುಷ ಬಂದು ಬರಿಗೈಯಿಂದ ಹೋದ ಯಜಮಾನನನ್ನು ಅವಸರದವನೆನ್ನಬಹುದೇ? ಗಿಡವು ಸತ್ತಿತೆಂದು ವಾಕ್ಯವು ಹೇಳುವದಿಲ್ಲ. ನೆಲದ ಸಾರವನ್ನು ಹೀರುತ್ತಾ ನಿಂತಿತ್ತು, ಅದೇ ಅದರ ಮೇಲಣ ದೂರು.

ಕರಾವಳಿಯ ನಮ್ಮ ಸಭೆಗಳ ಗಿಡವೂ ಎಳೆಯದಲ್ಲ. ಬಾಸೆಲ್ ಮಿಶನಿನ ಹೆಬಿಕ್, ಲೇನರ್, ಗ್ರೈನರ್ ಎಂಬವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದರು, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಯಿತು. ಉತ್ಸವಗಳಲ್ಲಿ ಇವನ್ನು ನಾನೂ ಹೆಮ್ಮೆಯಿಂದ ಹೇಳಿದ್ದೇನೆ. ಆದರೆ ಅಜ್ಜಂದಿರ ಕಾಲದ ಫಲವನ್ನು ನಮ್ಮ ಕೊಂಬೆಗೆ ಕಟ್ಟಿ ತೋರಿಸಿದರೆ ಯಜಮಾನನು ಮೋಸಹೋದಾನೇ?

ತೋಟಗಾರನು ಗಿಡದ ಪರವಾಗಿ ಏನು ಹೇಳಿದನು? ಅದು ಒಳ್ಳೇದೆನ್ನಲಿಲ್ಲ, ಮುಂದೆ ಸರಿಹೋಗುವದೆಂದು ಮಾತುಕೊಡಲೂ ಇಲ್ಲ. ಒಂದು ವರುಷವನ್ನು ಬೇಡಿ, ತಾನೇ ಅಗೆದು ಗೊಬ್ಬರ ಹಾಕುವೆನೆಂದನು. ನಮ್ಮ ನಿರೀಕ್ಷೆಯೆಲ್ಲಾ ಆ ಕೈಯಲ್ಲಿದೆ. ಹೊಸ ವರುಷದಲ್ಲಿ ಹನ್ನೆರಡು ಸಂಕಲ್ಪಗಳನ್ನು ಬರೆದು ಗೋಡೆಗೆ ಅಂಟಿಸುವವರನ್ನು ನಾನು ಹಳಿಯುವದಿಲ್ಲ. ಆದರೆ ಗಿಡವು ತನ್ನನ್ನು ತಾನೇ ಅಗೆದುಕೊಂಡದ್ದನ್ನು ಯಾರೂ ಕಂಡಿಲ್ಲ. ಅಡಿಕೆ ತೋಟವುಳ್ಳವರು ಬಲ್ಲರು: ಬುಡ ಬಿಡಿಸುವಾಗ ಗಟ್ಟಿಯಾದ ಮಣ್ಣು ಒಡೆಯಬೇಕು, ಮುಚ್ಚಿದ ಬೇರು ಬೆಳಕಿಗೆ ಬರಬೇಕು, ಕೆಲವು ಎಳೆಬೇರು ಹರಿಯಲೂಬಹುದು. ಆಮೇಲೆಯೇ ಸೊಪ್ಪು ಗೊಬ್ಬರ. ಅಗೆತಕ್ಕೆ ಒಪ್ಪದೆ ಗೊಬ್ಬರವನ್ನು ಮಾತ್ರ ಬೇಡುವ ಪ್ರಾರ್ಥನೆಗಳು ನಮ್ಮಲ್ಲಿ ಬಹಳ.

ಕಳೆದ ವಾರ ನನ್ನ ಭೇಟಿಗಳ ಪುಸ್ತಕವನ್ನು ತೆರೆದು, ಕೂಟಗಳೆಷ್ಟು, ಮನೆಭೇಟಿಗಳೆಷ್ಟು ಎಂದು ಕೂಡಿಸಿ ಸಂತೋಷಪಡುತ್ತಿದ್ದೆನು. ಆಗ ಒಂದು ಮನೆಯ ಮುಂದಿನ ಸಾಲು ಜನವರಿಯಿಂದ ಡಿಸೆಂಬರಿನ ವರೆಗೆ ಬರಿದಾಗಿರುವದು ಕಂಡಿತು. ಆ ಮನೆಯವರಿಗೂ ನನಗೂ ಗದ್ದೆಯ ಬದುವಿನ ವಿಷಯದಲ್ಲಿ ಮಾತು ಬೆಳೆದಿತ್ತು. ಸಮಯ ಸಿಕ್ಕಲಿಲ್ಲವೆಂದು ನನಗೆ ನಾನೇ ಹೇಳಿಕೊಂಡಿದ್ದೆನು. ಆ ಮನೆಯಾದರೋ ನನ್ನ ಮನೆಗೆ ಕೂಗಳತೆಯಲ್ಲಿದೆ. ಅದೇ ವರುಷ ಕ್ಷಮಾಪಣೆಯ ವಿಷಯವಾಗಿ ನಾಲ್ಕು ಪ್ರಸಂಗಗಳನ್ನು ಮಾಡಿದ್ದೆನು. ಅವೂ ಪುಸ್ತಕದಲ್ಲಿ ತಾರೀಖು ಸಹಿತವಾಗಿ ಇದ್ದವು. ಗುದ್ದಲಿ ಬಿದ್ದದ್ದು ಅಲ್ಲಿಯೇ.

ನಿಮ್ಮ ಮನೆಯಲ್ಲಿ ಬರಿದಾದ ಸಾಲು ಯಾವದೆಂದು ನಾನು ಹೇಳಲಾರೆನು. ಒಬ್ಬರಿಗೆ ತೀರಿಸದ ಸಾಲ, ಒಬ್ಬರಿಗೆ ಮತ್ತೆ ಹತ್ತಿಕೊಂಡ ಹೆಂಡ, ಇನ್ನೊಬ್ಬರಿಗೆ ಮಾತಾಡಿಸದ ತಮ್ಮ. ವರುಷಾಂತ್ಯದ ಆರಾಧನೆಗೆ ಬರುವ ಮೊದಲು ಮನೆಯವರೆಲ್ಲರೂ ದೀಪದ ಮುಂದೆ ಕೂತು ಈ ಒಂಬತ್ತು ವಚನಗಳನ್ನು ನಿಧಾನವಾಗಿ ಓದಿ, ಅದನ್ನು ತೋರಿಸಬೇಕೆಂದು ಕರ್ತನನ್ನು ಕೇಳಿರಿ. ಬೇರೆಯವರ ಸಾಲನ್ನು ಅಂದು ಓದುವದು ಬೇಡ.

ಮೊನ್ನೆ ಸಾಯಂಕಾಲ ನಾನು ಆ ಮನೆಗೆ ಹೋದೆನು. ಹಿರಿಯರು ಜಗಲಿಯಿಂದ ಎದ್ದು ಚಾಪೆ ಹಾಸಿದರು. ತಪ್ಪು ನನ್ನದೆಂದು ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ನೀವು ಬರುವದನ್ನು ಬಿಟ್ಟ ಮೇಲೆ ನಮ್ಮಲ್ಲಿ ಸಂಜೆಯ ಪ್ರಾರ್ಥನೆಯೇ ನಿಂತುಹೋಗಿದೆ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳನ್ನು ಕರೆದು ಕೂತೆವು. ಪುಸ್ತಕದ ಆ ಸಾಲಿನಲ್ಲಿ ಈಗ ಒಂದು ತಾರೀಖು ಇದೆ. ಬದು ಇದ್ದಲ್ಲಿಯೇ ಇದೆ. ಅದನ್ನು ಜನವರಿಯಲ್ಲಿ ಇಬ್ಬರೂ ನಿಂತು ಅಳೆಸಬೇಕೆಂದಿದ್ದೇವೆ.