ಹೋದವರೂ ಉಳಿದವರೂ

ಜನರು ಸ್ವದೇಶವನ್ನು ಬಿಟ್ಟುಹೋದರೆ ಆ ದೇಶಕ್ಕೆ ಏನಾಗುವದೆಂಬದನ್ನು ಐರ್ಲೆಂಡಿನ ಚರಿತ್ರೆಯಿಂದ ಕಲಿಯೋಣ. 1845ರಲ್ಲಿ ಅಲ್ಲಿಯ ಬಡವರ ಮುಖ್ಯಾಹಾರವಾದ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಘೋರ ಕ್ಷಾಮವುಂಟಾಯಿತು. ಸುಮಾರು 10 ಲಕ್ಷ ಜನರು ಸತ್ತರು. ಅಷ್ಟಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಹಡಗನ್ನೇರಿದರು. ಕ್ಷಾಮವು ತೀರಿದರೂ ವಲಸೆಯು ತೀರಲಿಲ್ಲ. ಅದೇಕೆ? ಅಮೇರಿಕಕ್ಕೆ ಹೋದ ಮಕ್ಕಳು ಕೂಲಿಯಲ್ಲಿ ಉಳಿಸಿ ಕಳುಹಿಸಿದ ಹಣದಿಂದ ತಂದೆತಾಯಿಗಳು ಗೇಣಿ ತೆತ್ತರು. ಅಂಥ ಹಣದಿಂದಲೇ ತಮ್ಮತಂಗಿಯರೂ ಹಡಗಿನ ಚೀಟಿ ಕೊಂಡು ಹೊರಟರು. ಹೀಗೆ ಮನೆಯನ್ನು ಉಳಿಸಿದ ಹಣವೇ ಮನೆಯನ್ನು ಬರಿದುಮಾಡಿತು. ಹೊರಡುವ ಹಿಂದಿನ ರಾತ್ರಿ ನೆರೆಯವರು ಕೂಡಿ, ಹೆಣದ ಬಳಿ ಕುಳಿತು ಕಾಯುವಂತೆ, ಜಾಗರಣೆ ಮಾಡುವ ವಾಡಿಕೆಯಿತ್ತು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆಯು 1911ರಲ್ಲಿ 44 ಲಕ್ಷಕ್ಕಿಳಿಯಿತು. ಇದರಿಂದ ತಿಳಿಯತಕ್ಕದ್ದೇನಂದರೆ, ಸ್ವಂತ ಊರಲ್ಲಿ ಭೂಮಿಯೂ ಕೆಲಸವೂ ದೊರೆಯದಿದ್ದರೆ, ಹೊರಗಿನಿಂದ ಬರುವ ಹಣವು ಉಳಿದವರನ್ನು ಪೋಷಿಸೀತೇ ಹೊರತು ಅಲ್ಲಿಯೇ ನೆಲೆಗೊಳಿಸಲಾರದು.